ಹಾಜಿಯವರ ಪಾತಿಯತ್ತ ಒಂದು ನೋಟ

ಮಳೆಗೆ ಮುಂಚೆ ಉಪ್ಪಿನ ಪಾತಿಯ ಕೆಸರು ಒಂದು ವಾಸನೆ ಬಿಡುತ್ತದೆ, ಕೊಳೆತ ಕಪ್ಪೆಚಿಪ್ಪಿನದು, ತುಕ್ಕು ಹಿಡಿದ ಕಬ್ಬಿಣದ್ದು, ಅಮ್ಮ ಮೂಗರಳಿಸಿ ಏಳೇ ಮಿಸ್ನಾ, ಉಪ್ಪು ಗೋರು, ಬೇಗ ಗೋರು ಎಂದು ಐದು ವರ್ಷದವಳ ಕೈಗೂ ಗೋರುಮಣೆ ಕೊಡುತ್ತಿದ್ದಳು — ಅದೇ ವಾಸನೆ ನಿನ್ನೆ ಮಧ್ಯಾಹ್ನ ಮೂಗಿಗೆ ಹೊಡೆದಿತ್ತಲ್ಲ, ಮಿಸ್ನಾತುನ್ ಪಾದ ಮುಳುಗುವ ಮಳೆನೀರಿನಲ್ಲಿ ನಿಂತು ಹಲ್ಲು ಕಡಿಯುತ್ತಾಳೆ, ಮೂಗಿತ್ತು, ಬುದ್ಧಿ ಎಲ್ಲಿ ಹೋಗಿತ್ತು, ಹದಿನೈದು ದಿನ ಬಿಸಿಲು ಕುಡಿದು ಬಲಿತ ಉಪ್ಪು ಒಂದೇ ಮಳೆಗೆ ಕರಗಿ ಕೆಸರಾಯಿತು, ಅದು ಬರೀ ಉಪ್ಪಲ್ಲ, ಮುಂದಿನ ವರ್ಷದ ಗುತ್ತಿಗೆ ಹಣ, ಅದಿಲ್ಲದಿದ್ದರೆ ಅಮ್ಮ ತುಳಿದು ಹದಮಾಡಿದ ಈ ಮೂರು ಪಾತಿ ಬೇರೆಯವರ ಪಾಲು. ನಿನ್ನೆ ಗೋರುಮಣೆ ಎತ್ತಿಯೂ ಇದ್ದಳು, ಎತ್ತಿ — ಯಾಕೆ ಆ ಕಡೆ ನೋಡಿದೆ, ಹಾಳು ಕಣ್ಣು — ಹಾಜಿ ಮತ್ರಾವಿಯವರ ಪಾತಿ ಕಂಡಿತು, ಅಲ್ಲಿ ಯಾರೂ ಗೋರುತ್ತಿರಲಿಲ್ಲ, ಮೂವತ್ತು ಪಾತಿಯ ಯಜಮಾನರು ಸುಮ್ಮನಿದ್ದಾರೆಂದರೆ ಅವರಿಗೇನೋ ಗೊತ್ತಿರಬೇಕು, ನಾಲ್ಕು ದಿನ ಬಿಟ್ಟರೆ ಹರಳು ದಪ್ಪವಾಗುತ್ತದೆ, ಸುಮೆನೆಪ್ ಪೇಟೆಯಲ್ಲಿ ಒಳ್ಳೆಯ ಬೆಲೆ, ಗೋರುಮಣೆ ಕೆಳಗಿಟ್ಟಳು. ಅವಳು ಇಟ್ಟದ್ದು ನೋಡಿ ಪಕ್ಕದ ಸಾಹ್ರಿಯಾ ಇಟ್ಟಳು, ಸಾಹ್ರಿಯಾಳನ್ನು ನೋಡಿ ಸಾಲಿಗೆ ಸಾಲೇ ಇಟ್ಟಿತು, ಒಬ್ಬರಾದರೂ ತಲೆಯೆತ್ತಿ ಮೋಡ ನೋಡಿದರೇ? ಇವತ್ತು ಬೆಳಿಗ್ಗೆ ಹೋಗಿ ಹಾಜಿಯವರ ಬಾಗಿಲು ಬಡಿದಳು, ಹಾಜಿಯವರೇ, ಏನು ಗೊತ್ತಿತ್ತೂಂತ ಸುಮ್ನಿದ್ರಿ? ಮುದುಕ ಲುಂಗಿ ಸರಿಸಿ ಮೊಣಕಾಲು ತೋರಿಸಿದ, ಕುಂಬಳಕಾಯಿಯ ಹಾಗೆ ಊದಿತ್ತು, ನಂಗೇನು ಗೊತ್ತು ತಂಗಿ, ಆಳುಗಳೆಲ್ಲ ಮದುವೆಗೆ ಹೋಗಿದ್ರು, ನಾನು ಹಾಸಿಗೇಲಿ, ಕಿಟಕಿಯಿಂದ ನಿನ್ನನ್ನೇ ನೋಡ್ತಿದ್ದೆ, ನಿಮ್ಮಮ್ಮನ ಮೂಗು ನಿಂಗೆ ಬಂದಿದೆ ಅಂತಾರಲ್ಲ, ನೀನು ಗೋರುಮಣೆ ಕೆಳಗಿಟ್ಟೆ, ಸದ್ಯ ಮಳೆಯಿಲ್ಲ ಅಂತ ನಾನೂ ಹೊದ್ದು ಮಲಗಿಬಿಟ್ಟೆ. ನನ್ನನ್ನು ನೋಡಿ! ಅವನನ್ನು ನೋಡಿ ಕೈಬಿಟ್ಟ ನನ್ನನ್ನು ನೋಡಿ! ಯಾರಿಗೆ ಬಯ್ಯಲಿ, ಆ ಕಾಲಿಗೋ, ಆ ಮದುವೆಗೋ, ನೀರನ್ನು ಒದೆಯುತ್ತಾಳೆ, ಅದು ಅವಳ ಮುಖಕ್ಕೇ ಎರಚುತ್ತದೆ, ಕರಗಿದ ಉಪ್ಪೆಲ್ಲ ಕಣ್ಣಿಗೇ ಬಂದ ಹಾಗೆ ಉರಿ, ಉರಿಯುವ ಕಣ್ಣಿಗೆ ಬದುವಿನ ಮೇಲೆ ಯಾರೋ ಕಾಣುತ್ತಾರೆ, ಒಂದು ಹೆಜ್ಜೆ, ನಿಂತು ಉಸಿರು, ಇನ್ನೊಂದು ಹೆಜ್ಜೆ, ಮುದುಕನೇ, ಬರಲಿ, ಇವತ್ತು ಬಾಯಿಗೆ ಬಂದದ್ದೆಲ್ಲ — ಹಾಜಿ ಅವಳ ಮುಖ ಕೂಡ ನೋಡದೆ ಬದುವಿನಿಂದ ಬಾಗಿ ಒಂದು ಬಾಳೆಲೆಯ ಪೊಟ್ಟಣ ಕೈಗಿಟ್ಟರು, ಮೆಕ್ಕೆಜೋಳದ ಅನ್ನ, ಒಣಮೀನು, ಇನ್ನೂ ಬಿಸಿಯಾಗಿತ್ತು.