ನೆಟ್ಟವರ ಹೆಬ್ಬೆಟ್ಟು

ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಕೇಳುವವರನ್ನು ನಾನು ನಂಬುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದರಲ್ಲೂ ಆವರಗೆರೆಯ ಹೊಲಗಳೆಲ್ಲ ಸೈಟುಗಳಾಗುತ್ತಿರುವ ಕಾಲವಿದು. ಹಾಗಾಗಿ ನಿಜಲಿಂಗಪ್ಪ ಬಡಾವಣೆಯ ರೂಪಶ್ರೀ ಹಾಳೆಯ ಕಟ್ಟು ಹಿಡಿದು ನಮ್ಮ ಬದುವಿನ ಹೊಂಗೆ ಮರದ ಕೆಳಗೆ ನಿಂತಾಗಲೇ ನನ್ನ ಹುಬ್ಬು ಮೇಲೇರಿತು.

ಆಕೆ ಅಚ್ಚು ಒತ್ತುವವಳಂತೆ. ಹರಿಹರದ ದರ್ಜಿ ಅಂಗಡಿಗಳ ಚಿಂದಿಯಿಂದ ಕಾಗದ ಮಾಡಿ, ಹೊಂಗೆ ಎಣ್ಣೆಯ ದೀಪದ ಮಸಿಯಲ್ಲಿ ಎಲೆ, ತೊಗಟೆಗಳ ಅಚ್ಚು ತೆಗೆಯುತ್ತಿದ್ದಳು. ಊರಿನ ಹಳೆಯ ಮರಗಳನ್ನೆಲ್ಲ ಹೀಗೆ ಶಾಲೆಯ ಗೋಡೆಗೆ ಏರಿಸುತ್ತಾಳಂತೆ.

"ಎಲೆ ಕೆಳಗೆ ಮರ ನೆಟ್ಟೋರ ಹೆಬ್ಬೆಟ್ಟು ಬೇಕಾಗೈತ್ರಿ" ಎಂದಳು.

ನೆಟ್ಟವಳು ನಮ್ಮತ್ತೆ ಮರಿಯವ್ವ, ಮದುವೆಯಾಗಿ ಬಂದ ವರ್ಷ. ಈಗ ಕಣ್ಣು ಮಂಜು. ಮಧ್ಯಾಹ್ನವೆಲ್ಲ ಅದರ ನೆರಳಲ್ಲೇ ಕೂರುತ್ತಾಳೆ. ಲೇಔಟಿನ ರಸ್ತೆಗೆ ಮರ ಅಡ್ಡ, ಕಡಿಯೋಣ ಎಂದು ಕೇಳಿಕೊಂಡು ಬಂದವರನ್ನು ಎರಡು ಸಲ ಬೈದು ಕಳಿಸಿದ್ದೆ.

"ಖಾಲಿ ಹಾಳೆಗೆ ಹೆಬ್ಬೆಟ್ಟಾ? ಆಮ್ಯಾಲೆ ಮೇಲೆ ಏನ್ ಬರ್ಕೊಂತೀರಿ?"

"ಏನೂ ಇಲ್ರಿ ಅಕ್ಕ. ಎಲೆ ಅಷ್ಟೆ."

ಹತ್ತನೇ ಕ್ಲಾಸು ಪಾಸಾದವಳು ನಾನು. ಹಾಳೆ ಕಸಿದುಕೊಂಡು ಬಿಸಿಲಿಗೆ ಹಿಡಿದೆ, ತಿರುವಿದೆ, ಮೂಸಿಯೂ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಅದಕ್ಕೇ ಗುಮಾನಿ ಇನ್ನೂ ಹೆಚ್ಚಾಯಿತು. ಆಸೆಯಿಂದ ಕೈ ಚಾಚಿದ್ದ ಅತ್ತೆಯನ್ನು ಗದರಿಸಿ ಮನೆಗೆ ಎಳೆದುಕೊಂಡು ಬಂದೆ. ರೂಪಶ್ರೀ ಬರೀ ಎಲೆಯ ಅಚ್ಚು ತೆಗೆದುಕೊಂಡು ಹೋದಳು.

ವಾರದ ನಂತರ ಮೈದುನ ಯೋಗರಾಜ್ ಅರ್ಜಿ ಹಿಡಿದು ಬಂದ.

"ಬೋರಿನ ಕರೆಂಟಿಗೆ ಅತ್ತಿಗೆ. ಲಗೂನ ಮಾಡ್ರಿ, ಆಫೀಸ್ ಮುಚ್ತಾರೆ."

ಒಲೆಯ ಮೇಲೆ ಮಂಡಕ್ಕಿ ಒಗ್ಗರಣೆ ಸೀಯುತ್ತಿತ್ತು. ಮನೆಯವನೇ ತಾನೆ ಎಂದು, ಓದದೆ ಸಹಿ ಹಾಕಿದೆ.

ಸೋಮವಾರ ಬೆಳಿಗ್ಗೆ ಗರಗಸದ ಸದ್ದು ಕೇಳಿ ಓಡಿದೆ. ಅರ್ಧ ಮರ ಆಗಲೇ ನೆಲದ ಮೇಲಿತ್ತು. ಕೂಗಾಡಿದೆ. ಮೇಸ್ತ್ರಿ ತಣ್ಣಗೆ ಒಪ್ಪಿಗೆ ಪತ್ರದ ನಕಲು ತೆಗೆದು ಕೊಟ್ಟ. ರಸ್ತೆಗಾಗಿ ಮರ ತೆಗೆಯಲು ನಮ್ಮ ತಕರಾರಿಲ್ಲ ಎಂದಿತ್ತು. ಬೋರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೆಳಗೆ ನನ್ನದೇ ದುಂಡನೆಯ ಸಹಿ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಅತ್ತೆ ತಡವರಿಸುತ್ತ ಬಂದು, ಬಿದ್ದ ಕೊಂಬೆಯನ್ನು ಸವರಿದಳು.

"ಆ ಹುಡುಗೀದೇ ಕೆಲಸ ಇದು" ಎಂದಳು. "ಸದ್ಯ, ಆಕೆಗೆ ನಾನು ಹೆಬ್ಬೆಟ್ಟು ಕೊಡದಂಗೆ ನೀನು ತಡೆದಿ. ಇಲ್ದಿದ್ರೆ ನನ್ನ ಮರಾನ ನಾನೇ ಕಡಿಸ್ದಂಗಾಗ್ತಿತ್ತು."

ಹೊಲ ಅತ್ತೆಯ ಹೆಸರಿನಲ್ಲಿದೆ. ಪತ್ರದಲ್ಲಿ ನನ್ನ ಸಹಿಯ ಪಕ್ಕದಲ್ಲೇ ಅವಳ ಹೆಬ್ಬೆಟ್ಟಿತ್ತು. ಯೋಗರಾಜ್ ಬಂದ ದಿನ ಮಲಗಿದ್ದವಳನ್ನು ಎಬ್ಬಿಸಿ, ಬೆರಳು ಹಿಡಿದು ಒತ್ತಿಸಿದವಳು ನಾನೇ.