ಮಂತ್ರಿಯ ಮಾಸು

ಪೆನಿತೊ ಮಂತ್ರಿಯ ಶವ ಇನ್ನೂ ಕಡಲಿನ ಮೇಲಿರುವಾಗಲೇ ಅವರ ಮಗ ವಿಲಿಯಾಮು ಮರ ಕೊಯ್ಯುವ ಯಂತ್ರದೊಂದಿಗೆ ನಮ್ಮ ಹಿತ್ತಿಲಿಗೆ ಬಂದ. ಜೊತೆಗೆ ಗುದ್ದಲಿ ಹೊತ್ತ ನಾಲ್ವರು. ಅವರ ಹಿಂದೆ ಉದ್ದನೆಯ ಕೋಲೂರಿಕೊಂಡು ಮುದುಕ ಸಾಪಾತಿ. ಊರಸಭೆಯಲ್ಲಿ ಎಲ್ಲರ ಪರವಾಗಿ ಮಾತಾಡುವವನು ಅವನೇ.

"ಮೂರು ಗಂಟೆ ದೋಣಿಗೆ ಅಪ್ಪ ಬರ್ತಾರೆ, ಅತ್ತೆ," ಎಂದ ವಿಲಿಯಾಮು. "ಅಷ್ಟರೊಳಗೆ ಗುಂಡಿ ಆಗ್ಬೇಕು. ಈ ಬೇರಲ್ಲಿ ಗುದ್ದಲಿ ಇಳಿಯಲ್ಲ. ಮರ ತೆಗೀತೀವಿ."

ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದವಳು ಏಳಲಿಲ್ಲ. ತುರಿಮಣೆಯನ್ನು ಎಳೆದುಕೊಂಡು ಕೂತಂತೆಯೇ ಸರಿದು ಜೀಗುಜ್ಜೆ ಮರದ ಬೇರಿಗೆ ಬೆನ್ನು ಕೊಟ್ಟು ಕೂತಳು.

ನಮ್ಮ ಸವಾಯಿ ದ್ವೀಪದಲ್ಲಿ ನೆಲದ ತಕರಾರು ಎದ್ದರೆ ಹಿರಿಯರು ಮೊದಲು ಕೇಳುವುದು, ಅಲ್ಲಿ ಯಾರ ಮನೆಯವರು ಮಣ್ಣಡಿ ಮಲಗಿದ್ದಾರೆ ಎಂದು. ಇಂದು ಸಂಜೆ ಮಂತ್ರಿ ಇಲ್ಲಿ ಮಲಗಿದರೆ ನಾಳೆಯಿಂದ ಹಿತ್ತಿಲು ವಿಲಿಯಾಮುವಿನದು, ನಾಡಿದ್ದಿನಿಂದ ಮನೆಯೂ. ಅಜ್ಜಿಗೂ ನನಗೂ ಬೇರೆ ಹಿಡಿ ಮಣ್ಣಿಲ್ಲ. ವರ್ಷದಲ್ಲಿ ಆರು ತಿಂಗಳು ನಮ್ಮ ಹೊಟ್ಟೆ ತುಂಬುವುದು ಈ ಮರದಿಂದ.

"ಅಪ್ಪನ ಕೊನೇ ಮಾತು ಒಂದೇ," ಎಂದ ವಿಲಿಯಾಮು. "ನನ್ನ ಫನುವಾ ಹತ್ರ ಇಡಿ ಅಂದ್ರು."

ನೆಲಕ್ಕೂ ಫನುವಾ ಎನ್ನುತ್ತೇವೆ, ಹೆರಿಗೆಯ ಮಾಸಿಗೂ ಫನುವಾ ಎನ್ನುತ್ತೇವೆ. ಮಗು ಹುಟ್ಟಿದಾಗ ಒಂದನ್ನು ಇನ್ನೊಂದರೊಳಗೆ ಹೂತು ಮೇಲೊಂದು ಸಸಿ ನೆಡುತ್ತೇವೆ. ಪೆನಿತೊ ಎಂಟು ಚುನಾವಣೆ ಗೆದ್ದದ್ದು ಆ ಪದದ ಮೇಲೆ. ಊರ ಮೈದಾನದಲ್ಲಿ ನಿಂತು ನಮ್ಮ ಸೂರಿನತ್ತ ಕೈ ಮಾಡುತ್ತಿದ್ದರು: "ನನ್ನನ್ನ ಪಟ್ಟಣದವನು ಅಂತೀರಾ? ನನ್ನ ಫನುವಾ ಆ ಜೀಗುಜ್ಜೆ ಬುಡದಲ್ಲಿದೆ. ನನ್ನ ಚಿಕ್ಕಪ್ಪನ ಮಗಳು ಮಾತಾಲೆನಾ ಇಲ್ಲೇ ಕೂತಿದಾಳೆ, ಕೇಳಿ!" ಮುಂದಿನ ಸಾಲಿನಲ್ಲಿ ಅಜ್ಜಿ ತಲೆಯಾಡಿಸುತ್ತಿದ್ದಳು. ನಾನೂ ನಂಬಿದ್ದೆ. ಚಿಕ್ಕವಳಿದ್ದಾಗ ಕಾಂಡಕ್ಕೆ ಕಿವಿಯಿಟ್ಟು, ಬೇರುಗಳ ತೊಟ್ಟಿಲಲ್ಲಿ ಮಂತ್ರಿ ಕೂಸಾಗಿ ಉಸಿರಾಡುವುದನ್ನು ಕೇಳಿದ್ದೇನೆ. ಈಗಲೂ ಆಣೆ ಮಾಡಿ ಹೇಳಬಲ್ಲೆ, ಕೇಳಿದ್ದೇನೆ.

"ಅವನದ್ದು ಇಲ್ಲಿಲ್ಲ," ಎಂದಳು ಅಜ್ಜಿ. "ಅವನು ಹುಟ್ಟಿದ್ದು ಪಟ್ಟಣದ ಆಸ್ಪತ್ರೇಲಿ. ಅವನ ಫನುವಾ ಎಲ್ಲಿ ಹೋಯ್ತೋ ಹೆತ್ತವಳಿಗೇ ಗೊತ್ತಿರ್ಲಿಲ್ಲ. ಈ ಮರದಡಿ ಇರೋದು ನಂದು."

ಗುದ್ದಲಿಯವರು ಮುಖ ಮುಖ ನೋಡಿಕೊಂಡರು.

"ಹಂಗಾದ್ರೆ ಎಂಟು ಸಲ ತಲೆ ಆಡಿಸಿದ್ದು ನೊಣ ಓಡಿಸೋಕಾ?" ಎಂದ ಸಾಪಾತಿ.

"ಸುಳ್ಳಿಗೇ ಆಡಿಸಿದೆ. ಮೊದಲನೇ ಸಲ ಬಂದು ಇದೇ ಜಗಲೀಲಿ ಅತ್ತ. ಊರಿಲ್ಲದವನಿಗೆ ಓಟು ಯಾರು ಹಾಕ್ತಾರೆ ಮಾತಾಲೆನಾ ಅಂದ. ಹೂಂ ಅಂದೆ. ಆ ವರ್ಷವೇ ನಲ್ಲಿ ಬಂತು. ನೀನೂ ಕುಡಿದೆಯಲ್ಲೋ ಆ ನೀರು."

"ಕುಡಿದೆ. ಆದ್ರೆ ಎಂಟು ಸಲ ಹೌದು ಅಂದವಳು ಒಂಬತ್ತನೇ ಸಲ ಅಲ್ಲ ಅಂದ್ರೆ ನಾನು ಯಾವ್ದು ಹಿಡ್ಕೊಳ್ಲಿ?" ಅವನ ಕೋಲು ನನ್ನತ್ತ ತಿರುಗಿತು. "ಫೆತೂ, ನೀನು ಹೇಳೇ. ಮನೆಯೊಳಗೆ, ಯಾರೂ ಇಲ್ದಾಗ, ಇವಳು ನಿಂಗೆ ಏನು ಹೇಳಿದಾಳೆ? ಅದನ್ನೇ ಊರು ಒಪ್ಕೊಳ್ಳುತ್ತೆ."

ಒಂದು ಸುಳ್ಳು ಸಾಕಿತ್ತು. 'ಅಜ್ಜಿಯದೇ ಅಂತ ಹೇಳಿದಾಳೆ' ಎಂದರೆ ಮರ ಉಳಿಯುತ್ತಿತ್ತು. ಅಜ್ಜಿಯನ್ನು ನೋಡಿದೆ. ಅವಳ ಮುಖ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಂಗೈಯಲ್ಲಿ ಕಾಯಿಹಾಲು ಒಣಗುತ್ತಿತ್ತು.

"ಮಂತ್ರಿದೇ ಅಂತ ಹೇಳ್ತಿದ್ಲು," ಎಂದೆ.

ವಿಲಿಯಾಮು ಉಸಿರು ಬಿಟ್ಟ. ಗುದ್ದಲಿಯವರಲ್ಲೊಬ್ಬ ಯಂತ್ರದ ದಾರ ಎಳೆದ. ಅದು ಕೆಮ್ಮಿ, ಇಡೀ ಹಿತ್ತಿಲು ಗಡಗಡಿಸುವಂತೆ ಅರಚಿತು. ಅಜ್ಜಿ ಕಣ್ಣು ಮುಚ್ಚಿದಳು, ಎದ್ದೇಳಲಿಲ್ಲ. ಯಂತ್ರದ ಹಲ್ಲುಗಳು ಅವಳ ತಲೆಗಿಂತ ಎರಡು ಗೇಣು ಮೇಲೆ ತೊಗಟೆಗೆ ತಾಗಿ ಬಿಳಿ ಹಾಲು ಚಿಮ್ಮಿತು.

"ಮಲಗಿಸುವಾಗ!" ಎಂದು ಕಿರುಚಿದೆ. "ಮಲಗಿಸುವಾಗ ಹೇಳ್ತಿದ್ಲು! ನಾನು ಆವುಎ ಅಂತಿದ್ದೆ!"

ಸಾಪಾತಿ ಕೋಲೆತ್ತಿದ. ಯಂತ್ರ ನಿಂತಿತು.

"ಏನಂದೆ?"

"ಒಂದೊಂದು ಮಾತಿಗೂ ಆವುಎ ಅನ್ಬೇಕಿತ್ತು. ಅನ್ನದಿದ್ರೆ ಮುಂದಕ್ಕೆ ಹೇಳ್ತಿರ್ಲಿಲ್ಲ. ಮರ ಕೂಸನ್ನ ತೂಗಿದ್ದು, ಕೂಸು ಕಡಲು ದಾಟಿದ್ದು, ಮರ ಅವನ ಹಿಂದೆ ಹಣ್ಣುಗಳ್ನ ಈಜೋಕೆ ಬಿಟ್ಟಿದ್ದು..."

ಗುದ್ದಲಿಯವನೊಬ್ಬ ನಕ್ಕುಬಿಟ್ಟ. ಆವುಎ ಎಂದು ಹೂಂಗುಟ್ಟದ ಮಗು ನಮ್ಮ ದ್ವೀಪದಲ್ಲಿ ಯಾವುದಿದೆ? ಆದರೆ ಹಾಗೆ ಹೂಂಗುಟ್ಟುವುದು ಅಜ್ಜಿಕಥೆಗೆ ಮಾತ್ರ. ವಂಶದ ವಿಷಯ, ನೆಲದ ವಿಷಯ ಹೇಳುವಾಗ ಕೇಳುವವರು ತುಟಿ ಬಿಚ್ಚುವಂತಿಲ್ಲ.

ಸಾಪಾತಿ ನಗಲಿಲ್ಲ. "ಅಜ್ಜಿಕಥೆ ಮೇಲೆ ಗೋರಿ ಕಟ್ಟೋಕಾಗಲ್ಲ, ವಿಲಿಯಾಮು," ಎಂದ. ಆಮೇಲೆ ಅಜ್ಜಿಯತ್ತ ತಿರುಗಿದ. "ಆದ್ರೆ ಮೈದಾನದಲ್ಲಿ ಮಾಡಿದ್ದು ಕಥೆಯಲ್ಲ. ಇವನು ಅಪ್ಪನ್ನ ಹೊತ್ಕೊಂಡು ದಾರೀಲಿ ನಿಲ್ಲೋ ಹಾಗೆ ಮಾಡಿದೀಯ. ಚಾಪೆ ಹೊದ್ದು ಕೂರು, ಮಾತಾಲೆನಾ. ಅವನು ಎತ್ತಿದ್ರೆ ಮರ ನಿಂದು. ಎತ್ತದಿದ್ರೆ ನಾನು ಅಡ್ಡ ಬರಲ್ಲ."

ವಿಲಿಯಾಮು ಬಂದರಿಗೆ ಹೊರಟುಹೋದ.

ಮೂರೂವರೆಗೆ ನಾವು ಬಂದರಿನ ರಸ್ತೆಯ ನಡುವೆ ಕೂತಿದ್ದೆವು. ತಪ್ಪಿತಸ್ಥರು ಕ್ಷಮೆ ಕೇಳಲು ಹೊದೆಯುವುದು ಮನೆಯ ಅತಿ ನಯವಾದ ಚಾಪೆಯನ್ನು; ನೊಂದವರು ಅದನ್ನೆತ್ತಿದರೆ ಕ್ಷಮಿಸಿದಂತೆ. ಅಜ್ಜಿಯದನ್ನು ಅವಳಮ್ಮ ಮೂರು ವರ್ಷ ಹೆಣೆದಿದ್ದಳಂತೆ. ಅದರಡಿ ತೆವಳಿ ನಾನೂ ಸೇರಿಕೊಂಡೆ. ಒಳಗೆ ಒಣಗಿದ ಎಲೆಯ ವಾಸನೆ, ಅಜ್ಜಿಯ ಬೆವರು, ಟಾರಿನ ಬಿಸಿ. ಪ್ರಾರ್ಥನೆಯ ಹಾಡು ದೂರದಿಂದ ಹತ್ತಿರವಾಯಿತು. ಶವ ಹೊತ್ತ ವಾಹನ ನಿಂತಿತು. ಬಾಗಿಲು ತೆರೆದ ಸದ್ದು.

ಚಾಪೆಯಂಚಿನಲ್ಲಿ ಎರಡು ಕಪ್ಪು ಚಪ್ಪಲಿ ಕಂಡವು. ಹಾಡು ನಿಂತಿತು. ಚಪ್ಪಲಿಗಳು ಅಲ್ಲೇ ಇದ್ದವು. ಒಮ್ಮೆ ತಿರುಗಿ ಹೊರಟವು. ಅಜ್ಜಿ ನನ್ನ ಮಣಿಕಟ್ಟನ್ನು ನೋಯುವಂತೆ ಹಿಡಿದಳು. ಮತ್ತೆ ಬಂದವು.

ಒಮ್ಮೆಲೇ ಬೆಳಕು. ವಿಲಿಯಾಮು ಚಾಪೆಯ ತುದಿ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕಣ್ಣು ಕೆಂಪಾಗಿದ್ದವು.

"ಅಪ್ಪ ಸಾಯೋವಾಗ್ಲೂ ಸುಳ್ಳು ಹೇಳಿದ್ರಾ, ಅತ್ತೆ? ನಂಗೂ?"

"ಇಲ್ಲ ಕಣೋ. ಮೊದಲೆರಡು ಸಲ ಅವನಿಗೆ ಗೊತ್ತಿತ್ತು. ಆಮೇಲಾಮೇಲೆ ಮರ್ತೇ ಹೋಯ್ತು. ಕೊನೇ ಸಲ ಗೆದ್ದಾಗ ಹಿತ್ತಿಲಿಗೆ ಬಂದು ಮರಾನ ಸವರಿ ಅತ್ತ. ಅಲ್ಲ ಕಣೋ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ವಿಲಿಯಾಮು ಚಾಪೆ ಮಡಿಸಿ ನನ್ನ ಕೈಗಿತ್ತು ಎದ್ದ.

"ಚರ್ಚ್ ಕಡೆ ತಿರುಗಿಸು," ಎಂದ ವಾಹನದವನಿಗೆ. "ಅಪ್ಪನ ಅಮ್ಮನ ಗೋರಿ ಪಕ್ಕ ಜಾಗ ಇರ್ಬೇಕು, ನೋಡೋಣ."