ನೀರಿನಲ್ಲಿದ್ದವಳು

ಮೂರನೇ ಮಹಡಿಯ ಕಂಪ್ಯೂಟರ್ ಇಂಜಿನಿಯರ್ ಫಖ್ರಿ ಎರಡು ವರ್ಷದಲ್ಲಿ ಒಮ್ಮೆಯೂ ಕೆಳಗಿನ ಪ್ರಯೋಗಾಲಯಕ್ಕೆ ಇಳಿದಿರಲಿಲ್ಲ. ಅಲ್ಲಿ ರಕ್ತ ಇರುತ್ತದೆ ಎನ್ನುವುದು ಅವನ ಕಾರಣ. ಡಾಕ್ಟರ್ ನಜ್ಲಾ ಮೇಲಕ್ಕೆ ಹತ್ತಿರಲಿಲ್ಲ. ಅಲ್ಲಿ ಗಣಿತ ಇರುತ್ತದೆ. ಸ್ಫಾಕ್ಸ್ ಬಂದರಿನಿಂದ ಗಂಟೆ ದೂರದ ಒಂದು ದ್ವೀಪದ ಜನರ ಜೀನ್‌ಗಳನ್ನು ಇಬ್ಬರೂ ಸೇರಿ ಓದುತ್ತಿದ್ದರು. ವಾರ್ಷಿಕ ವರದಿಯಲ್ಲಿ ಇದಕ್ಕೆ ನಿಕಟ ಸಹಯೋಗ ಎಂದು ಹೆಸರು.

ಆ ದ್ವೀಪದಲ್ಲಿ ಕುಣಿದಾಡಿಕೊಂಡಿದ್ದ ಮಕ್ಕಳು ಹತ್ತು ತುಂಬುವಷ್ಟರಲ್ಲಿ ಸ್ನಾಯು ಸೋತು ಗಾಲಿಕುರ್ಚಿ ಸೇರುವುದುಂಟು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಮಾತ್ರ ಹಾಗಾಗುವುದು. ಅಲ್ಲಿ ಮದುವೆಗಳು ನೆಂಟರೊಳಗೇ ಆಗುವುದರಿಂದ ಜೋಡಿಗಳು ಮೊದಲೇ ಬಂದು ರಕ್ತ ಕೊಟ್ಟು ಹೋಗುತ್ತಿದ್ದರು.

ತಿಂಗಳಿಗೊಂದು ತಟ್ಟೆ, ಅದರಲ್ಲಿ ತೊಂಬತ್ತಾರು ಗುಳಿ. ತೊಂಬತ್ತೈದರಲ್ಲಿ ಜನ, ಕೊನೆಯದರಲ್ಲಿ ಬರೀ ನೀರು. ನೀರಿನಲ್ಲಿ ಯಾರೂ ಇರಬಾರದು. ಯಾರೂ ಇಲ್ಲ ಎಂದು ತೋರಿಸುವುದೇ ಅದರ ಕೆಲಸ.

ಫೆಬ್ರವರಿಯಿಂದ ಅಲ್ಲಿ ಒಬ್ಬಳಿದ್ದಳು. ಮೊದಲ ತಿಂಗಳು ಫಖ್ರಿ ಅದನ್ನು ಕಸವೆಂದುಕೊಂಡ. ಎರಡನೇ ತಿಂಗಳು ಅದೇ ಕಸ, ಅದೇ ಹೆಂಗಸಿನ ಜೀನ್. ಏಪ್ರಿಲ್ ಹೊತ್ತಿಗೆ, ಫಲಿತಾಂಶ ತೆರೆಯುವ ಮುಂಚೆ ಅವನು ಒಮ್ಮೆ ಕೆಮ್ಮಿಕೊಳ್ಳುತ್ತಿದ್ದ, ಒಳಗಿರುವವರಿಗೆ ಗೊತ್ತಾಗಲಿ ಎನ್ನುವಂತೆ. ಯಾರಿಗೂ ಹೇಳಲಿಲ್ಲ. ಇಂಜಿನಿಯರ್ ದೆವ್ವ ಕಂಡ ಎಂದಾದರೆ ಕೆಲಸಕ್ಕೇ ಸಂಚಕಾರ.

ಜೂನ್ ತಿಂಗಳ ತಟ್ಟೆಯ ಫಲಿತಾಂಶ ಬಂದ ದಿನ ಅವನು ಮೆಟ್ಟಿಲಿಳಿದ.

"ಡಾಕ್ಟ್ರೇ, ನಿಮ್ಮ ನೀರಲ್ಲಿ ಒಬ್ಬ ಹೆಂಗಸಿದಾಳೆ."

ನಜ್ಲಾ ತಲೆ ಎತ್ತಲಿಲ್ಲ. "ನಿನಗೆ ಬೇಗ ಮದುವೆ ಮಾಡ್ಬೇಕು ಅಂತ ನಿಮ್ಮಮ್ಮ ಒದ್ದಾಡೋದು ಸುಮ್ನೆ ಅಲ್ಲ."

"ತಮಾಷೆ ಅಲ್ಲ. ಐದು ತಿಂಗಳಿಂದ ಅವಳೇ. ಈ ಸಲ ಐವತ್ತೆರಡನೇ ಗುಳೀಲಿ ಅವಳ ಮಗಳಿದಾಳೆ."

ನಜ್ಲಾ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಐವತ್ತೆರಡು ಎಂದರೆ ಉಮೈಮಾ. ಉಮೈಮಾಳ ತಾಯಿ ಮನ್ನೂಬಿಯಾ ಇದೇ ಮೇಜಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಜನವರಿಯಲ್ಲಿ ತೀರಿಕೊಂಡಿದ್ದಳು. ಪ್ರಯೋಗಾಲಯಕ್ಕೆಲ್ಲ ಅವಳು ಚಿಕ್ಕಮ್ಮ.

ನಜ್ಲಾ ಫ್ರೀಜರ್ ತೆರೆದಳು. ಸಾಲಾಗಿ ಪುಟ್ಟ ಸೀಸೆಗಳು. ಒಂದೊಂದರ ಮೇಲೂ ನೇರಳೆ ಶಾಯಿಯಲ್ಲಿ ಮನ್ನೂಬಿಯಾಳ ಉರುಟು ಅಕ್ಷರ: ನೀರು, ಡಿಸೆಂಬರ್.

"ಚಿಕ್ಕಮ್ಮ ನೀರು ತುಂಬಿಸೋವಾಗ ಹಾಡೋಳು," ಎಂದಳು ನಜ್ಲಾ ಮೆಲ್ಲಗೆ. "ಮಾಸ್ಕ್ ಹಾಕ್ಕೋ ಅಂದ್ರೆ, ಮೂತಿಗೆ ಬಟ್ಟೆ ಕಟ್ಕೊಂಡು ಹಾಡೋಕೆ ನಾನೇನು ಕಳ್ಳೀನಾ ಅನ್ನೋಳು. ಈ ಸಲ ಬಾಯಿಂದ ಒಂದು ಹನಿ ಹಾರಿರ್ಬೇಕು, ಅಷ್ಟು ಸಾಕು. ಈ ಸೀಸೆಗಳನ್ನ ಬಳಸೋಕೆ ತೆಗೆದದ್ದೇ ಫೆಬ್ರವರೀಲಿ." ಆಮೇಲೆ ಅವನ ಕಡೆ ತಿರುಗಿದಳು. "ಫೆಬ್ರವರೀಲೇ ಯಾಕೆ ಬೊಗಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಅಲ್ದೆ, ಅವಳನ್ನ ಕಳೆದುಬಿಟ್ಟಿದ್ದೆ."

"ಕಳೆಯೋದು ಅಂದ್ರೆ?"

"ನೀರಲ್ಲಿ ಯಾವ ದೋಷ ಕಂಡ್ರೂ ಅದನ್ನ ಎಲ್ಲರ ಫಲಿತಾಂಶದಿಂದಲೂ ಅಳಿಸೋ ಹಾಗೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಗದ್ದಲ ಇದ್ರೆ ಕಳೀಬೇಕು. ನಮ್ಮಲ್ಲಿ ಹಂಗೇ ಮಾಡೋದು."

"ನಮ್ಮಲ್ಲಿ ನೀರಲ್ಲಿ ಏನಾದ್ರೂ ಕಂಡ್ರೆ ಇಡೀ ತಟ್ಟೆ ಎಸೀತೀವಿ, ಮಾರಾಯ!" ನಜ್ಲಾಳ ದನಿ ಒಡೆಯಿತು. "ಚಿಕ್ಕಮ್ಮನೂ ಆ ದ್ವೀಪದವಳೇ ಕಣೋ."

ಫಖ್ರಿಗೆ ಆಗ ಹೊಳೆಯಿತು: ಅವಳಲ್ಲೂ ದ್ವೀಪದ ಆ ದೋಷ ಇದ್ದಿದ್ದರೆ, ಎಲ್ಲರ ಫಲಿತಾಂಶದಿಂದ ಅವನು ಅಳಿಸಿದ್ದು ಅದನ್ನೇ. ಆ ಸಾಲನ್ನು ತೆಗೆದುಹಾಕಿ ಲೆಕ್ಕವನ್ನು ಮತ್ತೆ ಓಡಿಸಲು ನಜ್ಲಾಳ ಕಂಪ್ಯೂಟರೇ ಸಾಕಾಯಿತು. ನಲವತ್ತು ನಿಮಿಷ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಸಹಯೋಗ ಇಷ್ಟು ನಿಕಟವಾದದ್ದು ಅದೇ ಮೊದಲು. ನೀರಿನಲ್ಲಿದ್ದವಳಲ್ಲಿ ದೋಷವಿತ್ತು. ಐವತ್ತೆರಡು, ಉಮೈಮಾ: ದೋಷವಿದೆ. ಐವತ್ತಮೂರು, ಅವಳನ್ನು ಮದುವೆಯಾಗಲಿರುವ ಸೋದರಮಾವನ ಮಗ ಶಾಕಿರ್: ದೋಷವಿದೆ. ಹಿಂದಿನ ತಿಂಗಳುಗಳಲ್ಲಿ ಹೀಗೇ ದೋಷ ಅಳಿಸಿಹೋದ ಇನ್ನೂ ಹನ್ನೊಂದು ಹೆಸರು; ಅವರಿಗೂ ತಿಳಿಸಬೇಕು.

ಮದುವೆ ಶನಿವಾರ. ಇಬ್ಬರಿಗೂ ಏನೂ ಇಲ್ಲ ಎಂದು ನಜ್ಲಾ ಅಂದು ಬೆಳಿಗ್ಗೆಯಷ್ಟೇ ಫೋನ್ ಮಾಡಿ ಹೇಳಿದ್ದಳು. ಆ ಕಡೆಯಿಂದ ಹೆಂಗಸರು ನಾಲಗೆ ಆಡಿಸಿ ಹಾಕಿದ ಸಂಭ್ರಮದ ಕೂಗು ಇನ್ನೂ ಅವಳ ಕಿವಿಯಲ್ಲಿತ್ತು.

ನಾಲ್ಕು ಗಂಟೆಗೆ ಉಮೈಮಾ ಬಾದಾಮಿ ಸಿಹಿಯ ಡಬ್ಬಿ ಹಿಡಿದು ಬಂದಳು. "ಏನ್ ಫಖ್ರಿ ಅಣ್ಣ, ನೀವು ಕೆಳಗೆ? ಮೇಲೇನು ಭೂಕಂಪನಾ?"

ಫಖ್ರಿಯೇ ಮೊದಲು ಬಾಯಿಬಿಟ್ಟ.

"ಬೆಳಿಗ್ಗೆ ಹೇಳಿದ್ದು ತಪ್ಪು, ಉಮೈಮಾ. ಮಾಡಿದ್ದು ನಾನು. ನಿಮ್ಮಮ್ಮನ್ನ ಅಳಿಸೋಕೆ ಹೋಗಿ ನಿನ್ನಲ್ಲಿದ್ದದ್ದನ್ನೂ ಅಳಿಸಿಬಿಟ್ಟೆ." ಉಳಿದದ್ದನ್ನು, ನೀರು ತುಂಬಿಸುವಾಗಿನ ಹಾಡನ್ನೂ ಸೇರಿಸಿ, ನಜ್ಲಾ ಹೇಳಿದಳು.

ಉಮೈಮಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. "ಶಾಕಿರ್‌ಗೂ ಇದೆಯಾ?"

"ಇದೆ," ಎಂದಳು ನಜ್ಲಾ. "ಹುಟ್ಟೋ ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಭಯ. ಮದುವೆ ಬೇಡ ಅಂತಿಲ್ಲಮ್ಮ. ಬಸುರಿಯಾದ ಶುರುವಿನಲ್ಲೇ ಪರೀಕ್ಷೆ ಮಾಡ್ಬಹುದು. ಗೊತ್ತಿದ್ದು ಆಗಿ ಅಂತೀನಿ, ಅಷ್ಟೆ."

ಉಮೈಮಾ ಡಬ್ಬಿಯ ಮುಚ್ಚಳವನ್ನು ಒತ್ತಿ ಭದ್ರ ಮಾಡಿದಳು. ಆಮೇಲೆ ಕೇಳಿದ್ದು ಬೇರೆಯೇ. "ಅಮ್ಮ ಎಷ್ಟು ಸೀಸೇಲಿದಾಳೆ?"

"ಉಳಿದಿರೋದು ಹತ್ತೊಂಬತ್ತು. ಇವತ್ತೇ ಎಸೀಬೇಕು."

"ನಂಗೊಂದು ಕೊಡಿ."

ಪ್ರಯೋಗಾಲಯದಿಂದ ಒಂದು ಹನಿಯೂ ಹೊರಗೆ ಹೋಗಕೂಡದೆಂದು ಬಾಗಿಲ ಮೇಲೆ ಬರೆದಿತ್ತು. ಬರೆಸಿದವಳು ನಜ್ಲಾಳೇ. ಅವಳು ಫ್ರೀಜರನ್ನು ತೆರೆದಿಟ್ಟು, ಬೆನ್ನು ಹಾಕಿ, ಮೇಜಿನ ಮೇಲೇ ಇದ್ದ ಕೈಗವಸನ್ನು ಬಹಳ ಹೊತ್ತು ಹುಡುಕಿದಳು.

ಬಂದರಿನವರೆಗೆ ಫಖ್ರಿ ಜೊತೆಗೆ ನಡೆದ. ಸಂಜೆಯ ಹಡಗಿಗೆ ಕಾರುಗಳು ಹತ್ತುತ್ತಿದ್ದವು. ಉಮೈಮಾ ಬಿಚ್ಚದ ಡಬ್ಬಿಯನ್ನು ಅವನ ಕೈಗೆ ತುರುಕಿ ಫೋನ್ ತೆಗೆದಳು.

"ಶಾಕಿರ್, ದಡಕ್ಕೆ ಬಾ. ಒಬ್ನೇ ಬಾ. ಇಲ್ಲ, ಫೋನಲ್ಲಿ ಹೇಳೋದಲ್ಲ. ಅಳ್ತಿಲ್ಲ, ಗಾಳಿ ಅದು. ಅಮ್ಮ ಒಂದು ಮಾತು ಹೇಳಿ ಕಳಿಸಿದಾಳೆ, ಅಷ್ಟೇ."

ಫೋನ್ ಇಟ್ಟು ಮುಷ್ಟಿ ಬಿಚ್ಚಿದಳು. ಸೀಸೆಯ ಮೈ ಬೆವರಿ, ನೇರಳೆ ಶಾಯಿ ಅವಳ ಅಂಗೈಗೆ ಇಳಿದಿತ್ತು.

"ಕರಗಿದೆ," ಎಂದಳು. ಆಮೇಲೆ, ಫಖ್ರಿ ನೋಡುತ್ತಿರುವಂತೆಯೇ, ಅದನ್ನು ಕಿವಿಯ ಹತ್ತಿರ ಹಿಡಿದುಕೊಂಡು ಹಡಗು ಹತ್ತಿದಳು.